ಹಾಲಿಗೆ ದಿನಾ ಗಾಡಿ, ರಕ್ತಕ್ಕೆ ಜಯಂತಿಗೊಂದು ಶಿಬಿರ

ಮಧುಗಿರಿಯಲ್ಲಿ ನಾನು ನೋಡಿದ ಒಂದು ರಕ್ತದಾನ ಶಿಬಿರ. ಬೆಳಿಗ್ಗೆ ಒಂಬತ್ತೂವರೆಗೆ ಮೊದಲ ಚೀಲ ತುಂಬಿತ್ತು. ಹತ್ತು ಹತ್ತೂಕಾಲಿನ ಹೊತ್ತಿಗೆ ಶಿಬಿರ ಏರ್ಪಡಿಸಿದ್ದ ಸಂಘದ ಹುಡುಗನೊಬ್ಬ ಮೀನಿನ ಅಂಗಡಿಯಿಂದಲೋ ಎಲ್ಲಿಂದಲೋ ಎರಡು ಬಕೆಟ್ ಐಸ್ ತಂದು, ರಕ್ತದ ಚೀಲಗಳಿದ್ದ ಡಬ್ಬಿಗೆ ಸುರಿಯಲು ಬಗ್ಗಿದ. ತುಮಕೂರಿನಿಂದ ಬಂದಿದ್ದ ಟೆಕ್ನಿಷಿಯನ್ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದರು. "ಐಸ್ ಹಾಕ್ಬೇಡ ಕಣಪ್ಪ, ಪ್ಲೇಟ್‌ಲೆಟ್ ಎಲ್ಲ ಹಾಳಾಗೋಗ್ತವೆ!"

ಹುಡುಗ ಪೆಚ್ಚಾದ. ಉಪಕಾರ ಮಾಡಲು ಹೋಗಿ ಬೈಸಿಕೊಂಡಿದ್ದ. ಅವನದೇನೂ ತಪ್ಪಿಲ್ಲ, ರಕ್ತ ಎಂದರೆ ತಣ್ಣಗಿಡಬೇಕಾದ್ದು ಎಂದು ನಾವೆಲ್ಲ ತಿಳಿದಿರುವುದೇ ಹಾಗೆ. ನಾವು ಇವತ್ತಿಗೂ "ಒಂದು ಬಾಟಲಿ ರಕ್ತ" ಎನ್ನುತ್ತೇವೆ. ಗಾಜಿನ ಬಾಟಲಿಗಳು ಹೋಗಿ ಪ್ಲಾಸ್ಟಿಕ್ ಚೀಲಗಳು ಬಂದು ದಶಕಗಳೇ ಆದವು, ಮಾತು ಮಾತ್ರ ಬದಲಾಗಿಲ್ಲ. ಮಾತಿನ ಜೊತೆಗೆ ಆ ಕಾಲದ ತಿಳಿವಳಿಕೆಯೂ ಉಳಿದುಕೊಂಡಿದೆ: ರಕ್ತ ಒಂದು ದ್ರವ, ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಏರಿಸುವುದು, ಅಷ್ಟೆ.

ಆ ಚೀಲದೊಳಗೆ ಇರುವುದು ಒಂದು ವಸ್ತುವಲ್ಲ. ಕನಿಷ್ಠ ಮೂರು, ಮತ್ತು ಮೂರಕ್ಕೂ ಬೇಕಾದ ತಂಪು ಬೇರೆ, ಆಯಸ್ಸು ಬೇರೆ. ತುಮಕೂರು ಜಿಲ್ಲೆಯಲ್ಲಿ ಡೆಂಗಿ ಹರಡುವ ಪ್ರತಿ ಮಳೆಗಾಲ "ಪ್ಲೇಟ್‌ಲೆಟ್ ಸಿಗ್ತಿಲ್ಲ" ಎಂಬ ಕೂಗು ಏಳುವುದು ಏಕೆ, ಅದೇ ಜಿಲ್ಲೆಯಲ್ಲಿ ರಕ್ತದಾನ ಶಿಬಿರಗಳ ಫ್ಲೆಕ್ಸ್‌ಗಳಿಗೆ ಕೊರತೆಯಿಲ್ಲದಿರುವುದು ಏಕೆ, ಈ ಎರಡೂ ಒಟ್ಟಿಗೆ ಹೇಗೆ ನಿಜವಾಗಿರಲು ಸಾಧ್ಯ ಎಂಬುದಕ್ಕೆ ಉತ್ತರ ಅಲ್ಲೇ ಇದೆ.

ಕೊಬ್ಬರಿ, ಕುಂಬಳಕಾಯಿ, ಹೂವು

ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳುವುದು ಸುಲಭ. ತಿಪಟೂರು ಕಡೆಯ ರೈತ ಕಾಯಿಯನ್ನು ಅಟ್ಟದ ಮೇಲೆ ಹಾಕಿ ವರ್ಷ ಬಿಟ್ಟು ಉಂಡೆ ಕೊಬ್ಬರಿ ಮಾಡಿ ಮಾರುತ್ತಾನೆ. ಕುಂಬಳಕಾಯಿ ಸರಿಯಾಗಿ ಇಟ್ಟರೆ ತಿಂಗಳು ದಾಟುತ್ತದೆ. ಅಂತರಸನಹಳ್ಳಿ ಮಾರುಕಟ್ಟೆಗೆ ಬಂದ ಹೂವು ಇವತ್ತು ಹೋಗದಿದ್ದರೆ ನಾಳೆ ತಿಪ್ಪೆಗೆ. ರಕ್ತದಲ್ಲಿ ಪ್ಲಾಸ್ಮಾ ಕೊಬ್ಬರಿಯಂತೆ, ಕೆಂಪುಕಣ ಕುಂಬಳಕಾಯಿಯಂತೆ, ಪ್ಲೇಟ್‌ಲೆಟ್ ಹೂವಿನಂತೆ.

ಪ್ಲಾಸ್ಮಾ ಎಂದರೆ ಕಣಗಳನ್ನೆಲ್ಲ ತೆಗೆದ ಮೇಲೆ ಉಳಿಯುವ ತಿಳಿ ಹಳದಿ ದ್ರವ. ರಕ್ತ ಹೆಪ್ಪುಗಟ್ಟಿಸುವ ಪ್ರೊಟೀನುಗಳು ಇರುವುದು ಇದರಲ್ಲಿ. ರಕ್ತ ತೆಗೆದ ಕೆಲವೇ ಗಂಟೆಗಳಲ್ಲಿ ಬೇರ್ಪಡಿಸಿ ಗಟ್ಟಿ ಮಂಜು ಮಾಡಿ, ಮೈನಸ್ 30 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಟ್ಟರೆ ಒಂದು ವರ್ಷ ಇರುತ್ತದೆ. ತಡ ಮಾಡಿದರೆ ಪ್ಲಾಸ್ಮಾ ಉಳಿಯುತ್ತದೆ, ಅದರೊಳಗಿನ ಎಂಟನೇ ಅಂಶದಂಥ (ಫ್ಯಾಕ್ಟರ್ 8) ಹೆಪ್ಪುಗಟ್ಟಿಸುವ ಸೂಕ್ಷ್ಮ ಪ್ರೊಟೀನುಗಳು ಸವೆದು ಹೋಗುತ್ತವೆ.

ಕೆಂಪುಕಣಗಳಿಗೆ ಬೇಕಾದ್ದು 2ರಿಂದ 6 ಡಿಗ್ರಿ. ಮಂಜುಗಟ್ಟಿದರೆ ಒಡೆದು ಹೋಗುತ್ತವೆ, ಬಿಸಿಯಾದರೆ ರೋಗಾಣು ಬೆಳೆಯುತ್ತದೆ. ಚೀಲದಲ್ಲಿ ಮೊದಲೇ ಹಾಕಿರುವ ಸಿಟ್ರೇಟ್, ಫಾಸ್ಫೇಟ್, ಡೆಕ್ಸ್‌ಟ್ರೋಸ್, ಅಡೆನಿನ್ ಮಿಶ್ರಣದಲ್ಲಿ ಅವು 35 ದಿನ ಬಾಳುತ್ತವೆ. ಬೇರ್ಪಡಿಸಿದ ಮೇಲೆ ಇನ್ನೊಂದು ಪೋಷಕ ದ್ರವ ಬೆರೆಸಿದರೆ 42 ದಿನ. ಮೈಯೊಳಗೆ 120 ದಿನ ಓಡಾಡುವ ಕಣ ಚೀಲದಲ್ಲಿ ಅಷ್ಟು ತಾಳುವುದಿಲ್ಲ. ದಿನ ಕಳೆದಂತೆ ಗಡುಸಾಗುತ್ತದೆ, ಅದರೊಳಗಿನ ಪೊಟ್ಯಾಶಿಯಂ ಹೊರಗೆ ಸೋರುತ್ತದೆ.

ಇನ್ನು ಪ್ಲೇಟ್‌ಲೆಟ್. ಗಾಯವಾದ ಕಡೆ ಮೊದಲು ಓಡಿಹೋಗಿ ಅಂಟಿಕೊಳ್ಳುವ ಸಣ್ಣ ಚೂರುಗಳು. ಚಳಿಗೆ ಇವು ತಡೆಯುವುದಿಲ್ಲ. ತಟ್ಟೆಯ ಆಕಾರದಲ್ಲಿರುವ ಕಣ ತಣ್ಣಗಾದಾಗ ಉಂಡೆಯಾಗಿ ಮುಳ್ಳು ಬಿಡುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಅಂಥದ್ದನ್ನು ರೋಗಿಗೆ ಏರಿಸಿದರೆ ಯಕೃತ್ತು ಬೇಗನೆ ಹಿಡಿದು ತೆಗೆದುಹಾಕುತ್ತದೆ. ಅದಕ್ಕೇ 20ರಿಂದ 24 ಡಿಗ್ರಿಯಲ್ಲಿ, ಅಂದರೆ ಹೆಚ್ಚು ಕಡಿಮೆ ನಮ್ಮ ಡಿಸೆಂಬರ್ ತಿಂಗಳ ಹಗಲಿನ ಹದದಲ್ಲಿ ಇಡಬೇಕು. ಅದೂ ಸುಮ್ಮನೆ ಇಟ್ಟರೆ ಆಗದು, ಹಗಲು ರಾತ್ರಿ ಮೆಲ್ಲಗೆ ಅಲುಗಾಡುತ್ತಿರಬೇಕು. ಈ ಕಣಗಳು ಚೀಲದೊಳಗೂ ಉಸಿರಾಡುತ್ತಿರುತ್ತವೆ; ಆ ಚೀಲದ ಪ್ಲಾಸ್ಟಿಕ್ ಗಾಳಿ ಆಡಲು ಬಿಡುವಂಥದ್ದು. ಅಲುಗಾಟ ನಿಂತರೆ ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡು ಹುಳಿಯೇರಿ ಸಾಯುತ್ತವೆ. ಆಯಸ್ಸು 5 ದಿನ. ಅದನ್ನು ಹಿಗ್ಗಿಸಲಾಗದಿರಲು ದೊಡ್ಡ ಕಾರಣ, ಅಷ್ಟು ಬೆಚ್ಚಗಿನ ಜಾಗದಲ್ಲಿ ಬ್ಯಾಕ್ಟೀರಿಯಾ ಕೂಡ ಚೆನ್ನಾಗಿ ಬೆಳೆಯುತ್ತದೆ.

ಐದು ದಿನ ಎನ್ನುವುದೂ ಲೆಕ್ಕಕ್ಕೆ ಮಾತ್ರ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದು ಪರೀಕ್ಷೆ ಮುಗಿಯದೆ ಯಾವ ಚೀಲವೂ ಹೊರಗೆ ಹೋಗುವಂತಿಲ್ಲ. ಫಲಿತಾಂಶ ಕೈಗೆ ಬರುವಷ್ಟರಲ್ಲಿ ಒಂದು ದಿನ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಳೆದಿರುತ್ತದೆ.

ಚೀಲದಿಂದ ಚೀಲಕ್ಕೆ

ರಕ್ತ ಕೊಡುವಾಗ ಗಮನಿಸಿ ನೋಡಿದ್ದರೆ, ತುಂಬುತ್ತಿರುವ ಚೀಲಕ್ಕೆ ಇನ್ನೆರಡೋ ಮೂರೋ ಖಾಲಿ ಚೀಲಗಳು ತೊಟ್ಟಿಲ ಮಕ್ಕಳಂತೆ ಅಂಟಿಕೊಂಡಿರುವುದು ಕಾಣುತ್ತದೆ. ಎಲ್ಲವನ್ನೂ ಕೊಳವೆಗಳು ಜೋಡಿಸಿರುತ್ತವೆ. ಒಮ್ಮೆ ಸೂಜಿ ತೆಗೆದು ಸೀಲ್ ಮಾಡಿದ ಮೇಲೆ ರಕ್ತ ಹೊರಗಿನ ಗಾಳಿಯನ್ನು ಮುಟ್ಟದೆ ಒಂದರಿಂದ ಇನ್ನೊಂದಕ್ಕೆ ಹೋಗಬೇಕು ಎಂಬುದಕ್ಕೆ ಈ ಏರ್ಪಾಡು.

ಬೇರ್ಪಡಿಸುವ ಯಂತ್ರ ಡೇರಿಯಲ್ಲಿ ಕೆನೆ ತೆಗೆಯುವ ಯಂತ್ರದ ಅಣ್ಣನೋ ತಮ್ಮನೋ ಎನ್ನಬಹುದು. ತಂಪಿನ ಹಿಡಿತವಿರುವ ದೊಡ್ಡ ಸೆಂಟ್ರಿಫ್ಯೂಜ್. ಎದುರು ಬದುರು ಬಟ್ಟಲುಗಳಲ್ಲಿ ಚೀಲಗಳನ್ನು ತಕ್ಕಡಿ ತೂಕದಂತೆ ಸರಿಸಮ ಮಾಡಿ ಇಡುತ್ತಾರೆ. ಮೊದಲು ಹಗುರ ಸುತ್ತು. ಭಾರದ ಕೆಂಪುಕಣ ತಳಕ್ಕೆ ಕೂರುತ್ತದೆ, ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ. ಚೀಲವನ್ನು ಅಲುಗಿಸದೆ ಎತ್ತಿ, ಎರಡು ಹಲಗೆಗಳ ನಡುವೆ ಒತ್ತುವ ಒಂದು ಸರಳ ಸಾಧನದಲ್ಲಿ ಇಟ್ಟು, ಮೇಲಿನ ದ್ರವವನ್ನು ಪಕ್ಕದ ಚೀಲಕ್ಕೆ ದಾಟಿಸುತ್ತಾರೆ. ಕೆಂಪುಕಣದ ಚೀಲ ಸೀಲ್ ಆಗಿ ಫ್ರಿಜ್ ಸೇರುತ್ತದೆ. ಉಳಿದದ್ದಕ್ಕೆ ಜೋರು ಸುತ್ತು. ಈಗ ಪ್ಲೇಟ್‌ಲೆಟ್ ತಳದಲ್ಲಿ ಗುಂಡಿಯಷ್ಟು ಗಟ್ಟಿಯಾಗಿ ಕೂರುತ್ತದೆ. ಮೇಲಿನ ಪ್ಲಾಸ್ಮಾವನ್ನು ಇನ್ನೊಂದು ಚೀಲಕ್ಕೆ ತೆಗೆದು ಫ್ರೀಜರ್‌ಗೆ ಹಾಕಿ, ಸ್ವಲ್ಪ ಪ್ಲಾಸ್ಮಾ ಉಳಿಸಿದ ಪ್ಲೇಟ್‌ಲೆಟ್ ಚೀಲವನ್ನು ಸುಮಾರು ಒಂದು ಗಂಟೆ ಮುಟ್ಟದೆ ಬಿಡುತ್ತಾರೆ. ಸುಸ್ತಾದವರನ್ನು ಕೂರಿಸಿದ ಹಾಗೆ. ಆಮೇಲೆ ಅಲುಗಾಡುವ ತಟ್ಟೆಯ ಮೇಲೆ.

ಒಳ್ಳೆಯ ಪ್ಲೇಟ್‌ಲೆಟ್ ಚೀಲವನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಹಿಸುಕಿದರೆ ಒಳಗೆ ರೇಷ್ಮೆ ಸೀರೆಯ ಹೊಳಪಿನಂಥ ಸುಳಿ ಕಾಣುತ್ತದೆ. ಕಣಗಳು ತಟ್ಟೆಯ ಆಕಾರದಲ್ಲೇ ಇವೆ ಎಂಬುದಕ್ಕೆ ಅದು ಗುರುತು. ಉಂಡೆಯಾಗಿ ಹಾಳಾದವು ಹಾಗೆ ಹೊಳೆಯುವುದಿಲ್ಲ, ಮಂಕಾಗಿ ನಿಂತಿರುತ್ತವೆ. ಅಷ್ಟೆಲ್ಲ ಯಂತ್ರಗಳ ನಡುವೆ ಟೆಕ್ನಿಷಿಯನ್ ಇವತ್ತಿಗೂ ಕಣ್ಣಿನಿಂದ ನೋಡಿ ತೀರ್ಪು ಕೊಡುವ ಈ ಒಂದು ಗಳಿಗೆ ನನಗೆ ಬಹಳ ಇಷ್ಟ.

ಪ್ಲಾಸ್ಮಾದಿಂದ ಇನ್ನೊಂದು ಅಂಶವನ್ನೂ ತೆಗೆಯಬಹುದು. ಮಂಜಾದ ಪ್ಲಾಸ್ಮಾವನ್ನು ಫ್ರಿಜ್‌ನ ತಂಪಿನಲ್ಲೇ ನಿಧಾನವಾಗಿ ಕರಗಿಸಿದರೆ ತಳದಲ್ಲಿ ಬಿಳಿ ಚರಟ ಉಳಿಯುತ್ತದೆ. ಅದೇ ಕ್ರಯೊ, ಹೆಪ್ಪುಗಟ್ಟಿಸುವ ಪ್ರೊಟೀನುಗಳ ಗಟ್ಟಿ ಸಾರ. 1960ರ ದಶಕದಲ್ಲಿ ಅಮೆರಿಕದ ಜುಡಿತ್ ಪೂಲ್ ಇದನ್ನು ಕಂಡುಕೊಂಡಾಗ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಯ ಮಕ್ಕಳ ಬದುಕೇ ಬದಲಾಯಿತು. ಈಗ ಅವರಿಗೆ ಸಿದ್ಧ ಔಷಧ ಬಂದಿದೆ, ಆದರೆ ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವುದೇ ನಿಂತುಹೋದ ಬಾಣಂತಿಗೆ ಫೈಬ್ರಿನೋಜನ್ ಎಂಬ ಹೆಪ್ಪುಗಟ್ಟಿಸುವ ಪ್ರೊಟೀನು ಬೇಕಾದಾಗ ಇದೇ ದಿಕ್ಕು.

ಇಷ್ಟೆಲ್ಲ ಕೆಲಸ ಯಾವಾಗ ಆಗಬೇಕು? ರಕ್ತ ತೆಗೆದು ಆರು ಗಂಟೆಯೊಳಗೆ, ಹೆಚ್ಚೆಂದರೆ ಎಂಟು. ಅಲ್ಲಿಯವರೆಗೆ ಚೀಲ ಐಸಿನ ಮೇಲೂ ಇರಬಾರದು, ಏಪ್ರಿಲ್ ಬಿಸಿಲಿನಲ್ಲಿ ಜೀಪಿನ ಹಿಂಬದಿಯಲ್ಲೂ ಬೇಯಬಾರದು. ಈ ಆರು ಗಂಟೆಯನ್ನು ಇಟ್ಟುಕೊಂಡು ಜಿಲ್ಲೆಯ ನಕ್ಷೆ ನೋಡಿ. ತುಮಕೂರಿನಿಂದ ಮಧುಗಿರಿ 40 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಪಾವಗಡ ಸುಮಾರು 100. ಪಾವಗಡದಲ್ಲಿ ಬೆಳಿಗ್ಗೆ ಶುರುವಾದ ಶಿಬಿರ ಭಾಷಣ, ಸನ್ಮಾನ, ಊಟ ಮುಗಿಸಿ ಮೂರಕ್ಕೆ ಹೊರಟರೆ ಮೊದಲ ಚೀಲಗಳ ಪ್ಲೇಟ್‌ಲೆಟ್ ದಾರಿಯಲ್ಲೇ ಲೆಕ್ಕದಿಂದ ಹೊರಗೆ ಬೀಳುತ್ತದೆ. ರಕ್ತ ಕೊಟ್ಟವನಿಗೆ ಮೂರು ಜೀವ ಉಳಿಸಿದೆ ಎಂದು ಪ್ರಮಾಣಪತ್ರ ಕೊಟ್ಟಿರುತ್ತಾರೆ. ಆ ಚೀಲದಿಂದ ಮೂರು ಜನಕ್ಕೆ ಉಪಯೋಗವಾಯಿತೇ ಒಬ್ಬರಿಗೇ ಆಯಿತೇ ಎಂಬುದನ್ನು ತೀರ್ಮಾನಿಸುವುದು ಕೊಟ್ಟವನ ಒಳ್ಳೆಯತನವಲ್ಲ, ಊಟದ ಪಂಕ್ತಿ ಎಷ್ಟು ಹೊತ್ತಿಗೆ ಎದ್ದಿತು ಎಂಬುದು.

ಹುಟ್ಟುಹಬ್ಬದ ಪಂಚಾಂಗ

ಈಗ ದಿನಾಂಕಗಳಿಗೆ ಬರೋಣ. ಮಾರ್ಚ್ 17ಕ್ಕೆ ಅಪ್ಪು ಹುಟ್ಟುಹಬ್ಬ. ಏಪ್ರಿಲ್ 1ಕ್ಕೆ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಜಯಂತಿ. ಜೂನ್ 14 ವಿಶ್ವ ರಕ್ತದಾನಿಗಳ ದಿನ, ಅದೂ ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನವೇ. ಆಗಸ್ಟ್ 15. ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ನಡುನಡುವೆ ಶಾಸಕರು, ಮಾಜಿ ಶಾಸಕರು, ಆಗಬೇಕೆಂದಿರುವವರು. ನಮ್ಮಲ್ಲಿ ರಕ್ತದಾನಕ್ಕೆ ಒಂದು ಪಂಚಾಂಗವಿದೆ, ಅದರಲ್ಲಿ ತಿಥಿಗಳು ಯಾರ ಹುಟ್ಟಿನ ಮೇಲೋ ನಿಂತಿವೆ. ಭಕ್ತಿಯಿಂದ, ಅಭಿಮಾನದಿಂದ ಬರುವ ಜನರ ಬಗ್ಗೆ ನನಗೆ ಗೌರವವಿದೆ. ಅವರಿಲ್ಲದಿದ್ದರೆ ಇಷ್ಟೂ ಇರುತ್ತಿರಲಿಲ್ಲ. ಆದರೆ ಒಂದೇ ದಿನ ಇನ್ನೂರು ಮುನ್ನೂರು ಚೀಲ ಬಂದು ಬಿದ್ದರೆ ಏನಾಗುತ್ತದೆ?

ಕೆಂಪುಕಣವನ್ನು ಆರು ವಾರ ಹಂಚಿಕೊಂಡು ಬಳಸಬಹುದು. ಪ್ಲಾಸ್ಮಾಗೆ ವರ್ಷದ ಅವಕಾಶವಿದೆ, ಮಿಕ್ಕಿದ್ದು ಅಲ್ಬುಮಿನ್, ಇಮ್ಯುನೊಗ್ಲಾಬ್ಯುಲಿನ್‌ನಂಥ ಔಷಧ ತಯಾರಿಸುವ ಕಾರ್ಖಾನೆಗೆ ಹೋಗಬಹುದು. ಪ್ಲೇಟ್‌ಲೆಟ್‌ಗೆ ಐದನೇ ದಿನ ಕಸದ ಚೀಲವೇ ಗತಿ. ಅಥವಾ ಅಷ್ಟು ಬೇಡಿಕೆ ಇಲ್ಲವೆಂದು ತಿಳಿದು ಪ್ಲೇಟ್‌ಲೆಟ್ ತೆಗೆಯದೆಯೇ ಬಿಡುತ್ತಾರೆ. ಮೂರು ವಾರ ಕಳೆದು ಯಾರಿಗೋ ಬೇಕಾದಾಗ ಆ ದೊಡ್ಡ ಶಿಬಿರದಿಂದ ಒಂದು ಹನಿಯೂ ಒದಗುವುದಿಲ್ಲ. ಇನ್ನೂ ಒಂದು ತೊಡಕು ಇದೆ. ಗಂಡಸರು ಒಮ್ಮೆ ಕೊಟ್ಟ ಮೇಲೆ 90 ದಿನ, ಹೆಂಗಸರು 120 ದಿನ ಮತ್ತೆ ಕೊಡುವಂತಿಲ್ಲ. ಒಂದೇ ದಿನ ಊರಿನ ದಾನಿಗಳನ್ನೆಲ್ಲ ಕರೆದುಬಿಟ್ಟರೆ ಮುಂದಿನ ಮೂರು ತಿಂಗಳು ಆ ಊರಿಗೇ ರಜೆ. ಅದರ ಜೊತೆಗೆ ಏಪ್ರಿಲ್, ಮೇ ತಿಂಗಳಲ್ಲಿ ಪರೀಕ್ಷೆ, ರಜೆ ಎಂದು ಕಾಲೇಜು ಹುಡುಗರು ಊರು ಸೇರುತ್ತಾರೆ. ಬೇಸಿಗೆಯ ಕೊರತೆ ಹುಟ್ಟುವುದು ಹೀಗೆ.

ಇದೇ ಜಿಲ್ಲೆಯಲ್ಲಿ ಇನ್ನೊಂದು ದ್ರವವನ್ನು, ಅಂದರೆ ಹಾಲನ್ನು, ನಾವು ಹೇಗೆ ನಿಭಾಯಿಸುತ್ತೇವೆ ನೋಡಿ. ಬೆಳಿಗ್ಗೆ ಸಂಜೆ ಎರಡು ಹೊತ್ತು ಹಳ್ಳಿಯ ಸೊಸೈಟಿಗೆ ಹಾಲು ಬೀಳುತ್ತದೆ. ಅಳತೆ, ಪರೀಕ್ಷೆ, ತಂಪು ಮಾಡುವ ದೊಡ್ಡ ಟ್ಯಾಂಕು, ಅಲ್ಲಿಂದ ಮಲ್ಲಸಂದ್ರದ ಡೇರಿಗೆ ಗಾಡಿ. ಹಬ್ಬವಾಗಲಿ ಬಂದ್ ಆಗಲಿ ಗಾಡಿ ನಿಲ್ಲುವುದಿಲ್ಲ, ಏಕೆಂದರೆ ಹಾಲು ಕಾಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಯಾರದೋ ಜಯಂತಿಯ ದಿನ ಜಿಲ್ಲೆಯ ಹಸುಗಳನ್ನೆಲ್ಲ ಒಟ್ಟಿಗೆ ಕರೆದು ದಾಖಲೆ ಮಾಡೋಣ ಎಂದು ಯಾರೂ ಹೊರಡುವುದಿಲ್ಲ. ಪ್ಲೇಟ್‌ಲೆಟ್‌ಗೆ ಬೇಕಾಗಿರುವುದು ಈ ಹಾಲಿನ ಶಿಸ್ತು: ವಾರಕ್ಕೆ ಎರಡು ಮೂರು ಸಣ್ಣ ಶಿಬಿರ, ಮೂವತ್ತು ನಲವತ್ತು ಜನ, ತುಮಕೂರಿನಿಂದ ಒಂದು ಗಂಟೆಯ ದಾರಿಯೊಳಗೆ. ದೂರದ ತಾಲ್ಲೂಕಿನ ಶಿಬಿರಗಳನ್ನು ಕೆಂಪುಕಣಕ್ಕೆಂದೇ ಲೆಕ್ಕ ಹಾಕಿ ನಡೆಸಬಹುದು. ಅದರಲ್ಲಿ ಅವಮಾನವೇನಿಲ್ಲ.

"ಬಿಳಿ ರಕ್ತಕಣ ಇಳಿದೈತಂತೆ"

ಡೆಂಗಿ ಕಾಲದಲ್ಲಿ ಆಸ್ಪತ್ರೆ ಅಂಗಳದಲ್ಲಿ ಹೆಚ್ಚು ಕೇಳುವ ಮಾತು ಇದು. ಡೆಂಗಿಯಲ್ಲಿ ಬಿಳಿ ರಕ್ತಕಣವೂ ಕಡಿಮೆಯಾಗುತ್ತದೆ ನಿಜ, ಆದರೆ ಜನ ಹೇಳುತ್ತಿರುವುದು ಪ್ಲೇಟ್‌ಲೆಟ್ ಬಗ್ಗೆ. ಹೆಸರು ತಪ್ಪಿದ್ದರೂ ಭಯ ನಿಜ. ಬೆಳಿಗ್ಗೆ 90 ಸಾವಿರ ಇದ್ದದ್ದು ಸಂಜೆಗೆ 60, ಮರುದಿನ 35. ಆ ಕಾಗದ ಹಿಡಿದುಕೊಂಡವರಿಗೆ ಅದು ಕೆರೆಯ ನೀರು ಇಳಿಯುವುದನ್ನು ದಂಡೆಯಲ್ಲಿ ನಿಂತು ನೋಡಿದಂತೆ. ಪಪ್ಪಾಯಿ ಎಲೆಯ ರಸ ಹಿಂಡುತ್ತಾರೆ, ಕಿವಿ ಹಣ್ಣಿನ ಬೆಲೆ ಏರುತ್ತದೆ, ಫೋನುಗಳು ಶುರುವಾಗುತ್ತವೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಎಂದು ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಹಾಕುವ ನಿಯಮ ಬಂತು. ಪ್ಲೇಟ್‌ಲೆಟ್ ಯಾರಿಗೆ ಬೇಕು, ಯಾರಿಗೆ ಬೇಡ ಎಂಬ ಮಾತು ಜನರವರೆಗೆ ಅಷ್ಟಾಗಿ ತಲುಪಲಿಲ್ಲ.

ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ರಕ್ತಸ್ರಾವ ಇಲ್ಲದ ಡೆಂಗಿ ರೋಗಿಗೆ ಮುಂಜಾಗ್ರತೆಗಾಗಿ ಪ್ಲೇಟ್‌ಲೆಟ್ ಕೊಡುವ ಯೋಚನೆ ಬರುವುದು ಎಣಿಕೆ 10 ಸಾವಿರಕ್ಕಿಂತ ಕೆಳಗಿಳಿದಾಗ. ಎಣಿಕೆ ಅದಕ್ಕಿಂತ ಹೆಚ್ಚಿದ್ದರೂ ರಕ್ತಸ್ರಾವ ಇದ್ದರೆ ಮಾತು ಬೇರೆ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಕಡಿಮೆ ಎಣಿಕೆಯಿದ್ದ 372 ವಯಸ್ಕ ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಪ್ಲೇಟ್‌ಲೆಟ್ ಏರಿಸಿದರು, ಇನ್ನೊಂದಕ್ಕೆ ಇಲ್ಲ. ರಕ್ತಸ್ರಾವ ತಡೆಯುವುದರಲ್ಲಿ ಏರಿಸಿದವರಿಗೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಮೈ ಕಡಿತ, ದದ್ದು, ಅಲರ್ಜಿಯಂಥ ತೊಂದರೆಗಳು ಅವರಲ್ಲೇ ಹೆಚ್ಚಿದ್ದವು.

ಡೆಂಗಿಯಲ್ಲಿ ಪ್ರಾಣಕ್ಕೆ ಕುತ್ತು ಬರುವುದು ಬಹುಪಾಲು ಬೇರೆ ದಾರಿಯಿಂದ. ಸಣ್ಣ ರಕ್ತನಾಳಗಳು ಸೋರತೊಡಗಿ ಪ್ಲಾಸ್ಮಾ ಹೊರಗೆ ಜಿನುಗುತ್ತದೆ, ರಕ್ತ ಗಟ್ಟಿಯಾಗುತ್ತದೆ, ಒತ್ತಡ ಬೀಳುತ್ತದೆ. ಅದನ್ನು ತೋರಿಸುವ ಸಂಖ್ಯೆ ಅದೇ ವರದಿಯಲ್ಲಿ ಪ್ಲೇಟ್‌ಲೆಟ್ ಸಾಲಿನ ಆಸುಪಾಸಿನಲ್ಲೇ ಇರುತ್ತದೆ: ಪಿಸಿವಿ, ಅಂದರೆ ರಕ್ತದಲ್ಲಿ ಕಣಗಳ ಪಾಲು. ಅದು ಏರುತ್ತಿದೆಯೇ, ವಿಪರೀತ ಹೊಟ್ಟೆನೋವಿದೆಯೇ, ವಾಂತಿ ನಿಲ್ಲುತ್ತಿಲ್ಲವೇ, ಮೂತ್ರ ಕಡಿಮೆಯಾಗಿದೆಯೇ, ಒಸಡಿನಲ್ಲಿ ರಕ್ತ ಬರುತ್ತಿದೆಯೇ, ರೋಗಿ ಮಂಕಾಗಿದ್ದಾನೆಯೇ? ಅದರಲ್ಲೂ ಜ್ವರ ಬಿಟ್ಟ ಮೇಲಿನ ಒಂದೆರಡು ದಿನ ಇದನ್ನೆಲ್ಲ ಕಣ್ಣಿಟ್ಟು ನೋಡಬೇಕು. "ಜ್ವರ ಬಿಡ್ತು, ಮನೆಗೆ ಹೋಗೋಣ" ಎನ್ನುವ ಹೊತ್ತೇ ಅಪಾಯದ ಹೊತ್ತು. ಇದಕ್ಕೆ ಮದ್ದು ಅಳೆದು ಕೊಡುವ ಸಲೈನ್. ಸಿರಾದಲ್ಲೂ ಸಿಗುತ್ತದೆ, ಚಿಕ್ಕನಾಯಕನಹಳ್ಳಿಯಲ್ಲೂ ಸಿಗುತ್ತದೆ.

ಹಾಗಾದರೆ 40 ಸಾವಿರಕ್ಕೇ "ಪ್ಲೇಟ್‌ಲೆಟ್ ತನ್ನಿ" ಎಂದು ಚೀಟಿ ಬರೆದುಕೊಡುವುದು ಏಕೆ? ವೈದ್ಯರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಏನೂ ಏರಿಸದೆ ಕಾಯುವ ವೈದ್ಯ ನಮ್ಮ ಕಣ್ಣಿಗೆ ಏನೂ ಮಾಡದವನು. ಎಣಿಕೆ ಇಳಿಯುತ್ತಿರುವಾಗ ಸುಮ್ಮನಿದ್ದು ಏನಾದರೂ ಹೆಚ್ಚುಕಡಿಮೆಯಾದರೆ ಆಸ್ಪತ್ರೆಯ ಗಾಜು ಉಳಿಯುವುದಿಲ್ಲ ಎಂಬ ಅಂಜಿಕೆ ಅವರಿಗಿದೆ. ಬೇಡದವರಿಗೆ ಹೋದ ಪ್ರತಿ ಪಾಕೆಟ್ ಬೇಕಾದವರ ಕೈ ತಪ್ಪುತ್ತದೆ. ಕೀಮೊಥೆರಪಿಯಲ್ಲಿರುವ ರಕ್ತ ಕ್ಯಾನ್ಸರಿನ ಮಗುವಿಗೆ ಪ್ಲೇಟ್‌ಲೆಟ್ ವಾರದಲ್ಲಿ ಹಲವು ಸಲ ಬೇಕಾಗಬಹುದು, ಅದಕ್ಕೆ ಋತುಮಾನವಿಲ್ಲ.

ಒಬ್ಬ ದಾನಿಯ ರಕ್ತದಿಂದ ಬೇರ್ಪಡಿಸಿದ ಒಂದು ಪಾಕೆಟ್ ಎಣಿಕೆಯನ್ನು 5ರಿಂದ 10 ಸಾವಿರ ಏರಿಸುತ್ತದೆ. ದಾನಿಯನ್ನೇ ಯಂತ್ರಕ್ಕೆ ಜೋಡಿಸಿ ಪ್ಲೇಟ್‌ಲೆಟ್ ಮಾತ್ರ ತೆಗೆದು ಉಳಿದದ್ದನ್ನು ಅವನಿಗೇ ಹಿಂತಿರುಗಿಸುವ ಎಸ್‌ಡಿಪಿ ಎಂಬುದು ಅಂಥ ಸುಮಾರು ಆರು ಪಾಕೆಟ್‌ಗಳಿಗೆ ಸಮ. ಖರ್ಚೂ ಹಾಗೆಯೇ, ಹತ್ತು ಸಾವಿರ ರೂಪಾಯಿ ದಾಟುವುದುಂಟು.

ತಾಲ್ಲೂಕಿಗೆ ಬೇಕಾದ್ದು ಬೇರೆ

ನನ್ನ ಮುಖ್ಯ ತಕರಾರು ಇಲ್ಲಿದೆ. ಪ್ಲೇಟ್‌ಲೆಟ್ ಸುದ್ದಿಯಾಗುತ್ತದೆ, ಕೆಂಪುಕಣ ಸುದ್ದಿಯಾಗುವುದಿಲ್ಲ. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಗಂಟೆಯೊಳಗೆ ಜೀವ ಹೋಗುವುದು ಕೆಂಪುಕಣ ಇಲ್ಲದೆ. ಹೆರಿಗೆಯಾದ ಮೇಲೆ ಗರ್ಭಕೋಶ ಕುಗ್ಗದಿದ್ದರೆ ರಕ್ತ ಧಾರೆಯಾಗಿ ಹೋಗುತ್ತದೆ. ಆ ತಾಯಿ ಮೊದಲೇ ರಕ್ತಹೀನತೆಯವಳಾಗಿದ್ದರೆ ತಾಳಿಕೊಳ್ಳುವ ಹೊತ್ತು ಇನ್ನೂ ಕಡಿಮೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. (ದಾನಿಗಳಲ್ಲಿ ಹೆಂಗಸರು ಕಡಿಮೆ ಇರುವುದಕ್ಕೂ ಇದೊಂದು ಕಾರಣ: ಹಿಮೋಗ್ಲೋಬಿನ್ 12.5 ಇಲ್ಲದಿದ್ದರೆ ಕೊಡುವಂತಿಲ್ಲ.) ಮೂರು ಕಡೆ ಆಂಧ್ರದ ಗಡಿ ಇರುವ ಪಾವಗಡದಿಂದ ಅಂಥವಳನ್ನು ಆಂಬುಲೆನ್ಸ್‌ನಲ್ಲಿ ತುಮಕೂರಿಗೆ ತರುವುದು ಎಂದರೆ ಎರಡು ಗಂಟೆಗೂ ಹೆಚ್ಚಿನ ದಾರಿ.

ಪೂರ್ತಿ ರಕ್ತನಿಧಿ ಪ್ರತಿ ತಾಲ್ಲೂಕಿನಲ್ಲೂ ಬೇಕಿಲ್ಲ. ಕಾನೂನು 2001ರಲ್ಲೇ ಒಂದು ಸುಲಭ ದಾರಿ ಮಾಡಿಕೊಟ್ಟಿದೆ. ವರ್ಷಕ್ಕೆ 2000 ಯೂನಿಟ್ ಮೀರದಷ್ಟು ಬಳಸುವ ಆಸ್ಪತ್ರೆಗಳು ರಕ್ತನಿಧಿಯ ಪರವಾನಗಿ ಇಲ್ಲದೆ, ಅನುಮೋದನೆ ಪಡೆದು, ರಕ್ತ ಶೇಖರಣಾ ಘಟಕ ನಡೆಸಬಹುದು. ಹತ್ತು ಚದರ ಮೀಟರ್ ಜಾಗ, ರಕ್ತಕ್ಕೆಂದೇ ಇರುವ ಫ್ರಿಜ್, ಕರೆಂಟು ಹೋದರೆ ತಡೆಯುವ ವ್ಯವಸ್ಥೆ, ರಕ್ತ ರೋಗಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಬಲ್ಲ ತಂತ್ರಜ್ಞ. ರಕ್ತವನ್ನು ಪರವಾನಗಿ ಇರುವ ಒಂದು ರಕ್ತನಿಧಿ, ಅಂದರೆ ತಾಯಿ ಕೇಂದ್ರ, ಪರೀಕ್ಷೆ ಮಾಡಿ ಕಳಿಸುತ್ತದೆ.

ಕಾಗದದ ಮೇಲೆ ಇಷ್ಟು ಸರಳ. ನೆಲದ ಮೇಲೆ ಇಂಥ ಘಟಕಗಳು ಸೊರಗುವುದು ಹೀಗೆ: ಫ್ರಿಜ್ ಇರುತ್ತದೆ, ರಾತ್ರಿ ಪಾಳಿಗೆ ತಂತ್ರಜ್ಞ ಇರುವುದಿಲ್ಲ. ಅಥವಾ ನಾಲ್ಕು ಯೂನಿಟ್ ತರಿಸಿ ಇಟ್ಟಿರುತ್ತಾರೆ, ಬಳಸುವ ಸಂದರ್ಭ ಬರುವುದಿಲ್ಲ, ಅವಧಿ ಮುಗಿದು ಎಸೆಯುತ್ತಾರೆ, ಲೆಕ್ಕ ತಪಾಸಣೆಯಲ್ಲಿ ಪ್ರಶ್ನೆ ಬರುತ್ತದೆ, ಮುಂದಿನ ತಿಂಗಳಿಂದ ತರಿಸುವುದೇ ನಿಲ್ಲುತ್ತದೆ. ಎಸೆದದ್ದಕ್ಕೆ ಕೇಳುವವರಿದ್ದಾರೆ, ಇಲ್ಲದೆ ಸತ್ತದ್ದಕ್ಕೆ ಯಾವ ಕಡತದಲ್ಲೂ ಕಾಲಂ ಇಲ್ಲ.

ಬಿಡಿಸಲಾಗದ ಗಂಟೇನಲ್ಲ ಇದು. ಅಂಗಡಿಯವರು ಹಳೇ ಸರಕನ್ನು ಮುಂದಿಟ್ಟು ಮಾರುವಂತೆ, ತಾಲ್ಲೂಕಿನಲ್ಲಿ ಬಳಸದೆ ಉಳಿದ ಯೂನಿಟ್‌ಗಳನ್ನು ಇನ್ನೂ ಎರಡು ಮೂರು ವಾರ ಆಯಸ್ಸಿರುವಾಗಲೇ ತುಮಕೂರಿಗೆ ವಾಪಸು ತಂದು, ದಿನವೂ ಶಸ್ತ್ರಚಿಕಿತ್ಸೆ ನಡೆಯುವ ದೊಡ್ಡ ಆಸ್ಪತ್ರೆಯಲ್ಲಿ ಖರ್ಚು ಮಾಡುವುದು, ಆ ಜಾಗಕ್ಕೆ ಹೊಸದನ್ನು ಕಳಿಸುವುದು. ವಾರಕ್ಕೊಂದು ಗಾಡಿ, ಸರಿಯಾದ ಡಬ್ಬಿ, ಉಷ್ಣಾಂಶ ಬರೆದಿಡುವ ಒಂದು ಪುಸ್ತಕ. ಪ್ಲೇಟ್‌ಲೆಟ್ ಅಲುಗಿಸುವ ಯಂತ್ರವನ್ನು ತಾಲ್ಲೂಕಿಗೊಂದರಂತೆ ಕೊಡಿ ಎಂಬ ಬೇಡಿಕೆಯನ್ನೂ ಕೇಳಿದ್ದೇನೆ. ಅದು ನನಗೆ ಒಪ್ಪಿಗೆಯಿಲ್ಲ. ಐದು ದಿನದ ಸರಕನ್ನು ಅಪರೂಪದ ಗಿರಾಕಿಗಾಗಿ ಹತ್ತು ಕಡೆ ಹರಡಿದರೆ ಹತ್ತು ಕಡೆಯೂ ಬಾಡುತ್ತದೆ. ಹೂವು ದೊಡ್ಡ ಮಾರುಕಟ್ಟೆಯಲ್ಲೇ ಇರಲಿ, ರೋಗಿಯನ್ನು ಹೊತ್ತಿಗೆ ಸರಿಯಾಗಿ ಅಲ್ಲಿಗೆ ಕಳಿಸೋಣ.

ಬೈಕಿನ ಹ್ಯಾಂಡಲ್‌ಗೆ ಕವರ್

ಅಷ್ಟೆಲ್ಲ ಜೋಪಾನ ಮಾಡಿದ ಚೀಲ ಕೊನೆಯ ಕೆಲವು ಕಿಲೋಮೀಟರ್ ನಮ್ಮ ಕೈಯಲ್ಲೇ ಹೋಗುತ್ತದೆ. ನನ್ನ ಭಾವನೊಬ್ಬ ಒಮ್ಮೆ ಎರಡು ಪಾಕೆಟ್ ಪ್ಲೇಟ್‌ಲೆಟ್, ಒಂದು ಕೆಂಪುಕಣ ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಐಸ್ ಮೇಲೆ ಇಟ್ಟುಕೊಂಡು ಬಂದಿದ್ದ. ಕೌಂಟರಿನಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ. ಪ್ಲೇಟ್‌ಲೆಟ್ ಬೇರೆ ಡಬ್ಬಿಯಲ್ಲಿ, ಐಸ್ ಇಲ್ಲದೆ ಬರಬೇಕು. ಕೆಂಪುಕಣ ತಂಪಿನ ಡಬ್ಬಿಯಲ್ಲಿ, ಆದರೆ ಐಸ್ ನೇರವಾಗಿ ಚೀಲಕ್ಕೆ ತಾಗಬಾರದು; ತಾಗಿದ ಕಡೆ ಕಣಗಳು ಒಡೆಯುತ್ತವೆ. ಮಂಜಾದ ಪ್ಲಾಸ್ಮಾ ಚೀಲ ಗಾಜಿನಂತೆ ಬಿರುಕು ಬಿಡುತ್ತದೆ, ಬೀಳಿಸಬಾರದು. ವಾರ್ಡಿನಲ್ಲಿ ಡಾಕ್ಟರು ಬರುವವರೆಗೆ ಇರಲಿ ಎಂದು ಮಾತ್ರೆ ಇಡುವ ಸಾಮಾನ್ಯ ಫ್ರಿಜ್‌ಗೆ ರಕ್ತ ಹಾಕುವುದೂ ತಪ್ಪು. ಹೊರಗೆ ತೆಗೆದ ಕೆಂಪುಕಣವನ್ನು ಅರ್ಧ ಗಂಟೆಯೊಳಗೆ ಏರಿಸಲು ಶುರು ಮಾಡಿ, ನಾಲ್ಕು ಗಂಟೆಯೊಳಗೆ ಮುಗಿಸಬೇಕು.

ದುಡ್ಡಿನ ವಿಷಯವೂ ಗೊತ್ತಿರಲಿ. ರಕ್ತ ಮಾರುವ ವಸ್ತುವಲ್ಲ. ದುಡ್ಡಿಗೆ ರಕ್ತ ಕೊಡುವುದು 1996ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ 1998ರ ಜನವರಿಯಿಂದ ನಿಷೇಧವಾಗಿದೆ. ಸಂಸ್ಕರಣೆಯ ಶುಲ್ಕ ಮಾತ್ರ ಪಡೆಯಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಮತ್ತೊಮ್ಮೆ ನೆನಪಿಸಿದರು. ಆಗಿನ ಮಿತಿಯಂತೆ ಖಾಸಗಿ ಕೇಂದ್ರದಲ್ಲಿ ಕೆಂಪುಕಣಕ್ಕೆ 1550 ರೂಪಾಯಿ, ಪ್ಲಾಸ್ಮಾ ಅಥವಾ ಪ್ಲೇಟ್‌ಲೆಟ್ ಪಾಕೆಟ್‌ಗೆ 400 ರೂಪಾಯಿ. ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗಳ ರೋಗಿಗಳಿಗೆ ಉಚಿತವಾಗಿ ಕೊಡಬೇಕು. "ಬದಲಿಗೆ ಡೋನರ್ ಕರ್ಕೊಂಡು ಬನ್ನಿ" ಎನ್ನುವ ಪದ್ಧತಿಯನ್ನು ಕ್ರಮೇಣ ಬಿಡಬೇಕೆಂದು 2002ರ ರಾಷ್ಟ್ರೀಯ ರಕ್ತ ನೀತಿ ಹೇಳಿತು. ಇಷ್ಟು ವರ್ಷವಾದರೂ ರಾತ್ರಿ ಹನ್ನೊಂದಕ್ಕೆ ಗುಬ್ಬಿಯಿಂದಲೋ ಕುಣಿಗಲ್‌ನಿಂದಲೋ ನೆಂಟರನ್ನು ಎಬ್ಬಿಸಿಕೊಂಡು ಬರುವುದು ನಿಂತಿಲ್ಲ. ಹೊರಡುವ ಮುಂಚೆ ಸರ್ಕಾರದ ಇ-ರಕ್ತಕೋಶ ಜಾಲತಾಣದಲ್ಲಿ ಯಾವ ಕೇಂದ್ರದಲ್ಲಿ ಯಾವ ಗುಂಪಿನ ಏನಿದೆ ಎಂದು ನೋಡಿ, ಫೋನ್ ಮಾಡಿ ಖಾತ್ರಿ ಮಾಡಿಕೊಂಡರೆ ಒಂದು ಸುತ್ತು ಉಳಿದೀತು.

ಮಧುಗಿರಿಯ ಆ ಶಿಬಿರ ಚೆನ್ನಾಗಿಯೇ ನಡೆಯಿತು. ಸಾಲು ಉದ್ದವಿತ್ತು. ಐಸ್ ತಂದಿದ್ದ ಹುಡುಗನೂ ಕೊನೆಗೆ ಮಲಗಿ ರಕ್ತ ಕೊಟ್ಟ. ಚೀಲಗಳನ್ನು ಜೀಪಿಗೆ ಏರಿಸುವಾಗ ಸಂಘದ ಅಧ್ಯಕ್ಷರು ಹಾರ ಹಿಡಿದುಕೊಂಡು ಬಂದು, "ಮುಂದಿನ ವರ್ಷ ಇದರ ಎರಡರಷ್ಟು ಮಾಡ್ತೀವಿ ಸಾರ್" ಎಂದರು.

"ಎರಡರಷ್ಟು ಬೇಡಣ್ಣ," ಎಂದರು ಟೆಕ್ನಿಷಿಯನ್. "ಇದನ್ನೇ ನಾಲ್ಕು ಮಾಡಿ. ಆಗಸ್ಟ್‌ನಲ್ಲಿ ಒಂದಿರಲಿ." ಹಾರಕ್ಕೆ ಕೈಮುಗಿದು, ಊಟಕ್ಕೆ ಇನ್ನೊಂದು ಸಲ ಬರುತ್ತೇನೆಂದು ಹೇಳಿ ಬಾಗಿಲು ಎಳೆದುಕೊಂಡರು. ಆಗ ಗಂಟೆ ಎರಡಾಗಿತ್ತು. ಮೊದಲ ಚೀಲ ತುಂಬಿದ್ದು ಒಂಬತ್ತೂವರೆಗೆ.